ಇಪ್ಪತ್ತರವರೆಗೆ ಹೇಳ್ತಾಳೆ, ಐದು ಕೊಡು ಅಂದ್ರೆ ಗೊತ್ತಾಗಲ್ಲ: ವಿಶೇಷ ಅಗತ್ಯದ ಮಕ್ಕಳಿಗೆ ಲೆಕ್ಕ ಕಲಿಸೋಕೆ ಏನೇನು ಬಳಸ್ತೀರಿ?

ನಲಿಕಲಿ_ಟೀಚರ್ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರರವರೆಗೆ ನಲಿ-ಕಲಿ (ಕಾರ್ಡು, ಚಟುವಟಿಕೆಯಲ್ಲಿ ಕಲಿಸೋ ಪದ್ಧತಿ), ಮೂರೂ ತರಗತಿ ಒಂದೇ ಕೋಣೆ, ನಾನೊಬ್ಬಳೇ. ಡೌನ್ ಸಿಂಡ್ರೋಮ್ ಇರೋ ಹುಡುಗಿ ಒಬ್ಬಳಿದ್ದಾಳೆ, ಒಂಬತ್ತು ತುಂಬಿದೆ. ಚೂಟಿ, ಹಾಡು ಅಂದ್ರೆ ಪ್ರಾಣ. ಒಂದರಿಂದ ಇಪ್ಪತ್ತರವರೆಗೆ ತಪ್ಪಿಲ್ಲದೆ ಹೇಳ್ತಾಳೆ. ಹುಣಸೆ ಬೀಜದ ಡಬ್ಬಿ ಮುಂದಿಟ್ಟು "ಐದು ಕೊಡು ಪುಟ್ಟಿ" ಅಂದ್ರೆ ಮಾತ್ರ ಮುಷ್ಟಿ ತುಂಬ ತೆಗೆದು ಕೊಡ್ತಾಳೆ. ಗೋಡೆ ಮೇಲೆ ಸಂಖ್ಯೆ ಚಾರ್ಟ್ ಇದೆ, 1ಕ್ಕೆ ನವಿಲು, 2ಕ್ಕೆ ಮಾವಿನಹಣ್ಣು, ಹೀಗೆ 20ರವರೆಗೆ. 7 ತೋರಿಸಿದ್ರೆ "ಬಲೂನು" ಅಂತಾಳೆ!

ಇನ್ನೊಬ್ಬ ಹುಡುಗ ಇದಾನೆ, ಮೂರನೇ ತರಗತಿ. ಅವನಿಗೆ ಯಾವ ಸರ್ಟಿಫಿಕೇಟೂ ಇಲ್ಲ. ಓದ್ತಾನೆ, ಬರೀತಾನೆ, ಮಾತು ಜೋರು. ಲೆಕ್ಕ ಬಂದ್ರೆ 8ಕ್ಕೆ 3 ಕೂಡಿಸೋಕೂ ಮೊದಲಿಂದ ಎಂಟು ಬೆರಳು ಎಣಿಸ್ತಾನೆ.

ನಿಜವಾಗಿ ಉಪಯೋಗಕ್ಕೆ ಬಂದ ಚಿತ್ರ, ಸಾಮಾನು ಯಾವುದು ಅಂತ ಕೈಯಾರೆ ಮಾಡಿದವರು ಹೇಳಿ. ದುಡ್ಡು ಕೊಟ್ಟು ತರಿಸೋದು ಬೇಡ, ನಮ್ಮ ಅನುದಾನ ಎಷ್ಟು ಅಂತ ಇಲ್ಲಿರೋ ಮೇಷ್ಟ್ರುಗಳಿಗೆಲ್ಲ ಗೊತ್ತೇ ಇದೆ.

ಸಂಪನ್ಮೂಲ_ಶಿಕ್ಷಕ (ಬಿಐಇಆರ್‌ಟಿ, ಅಂದರೆ ತಾಲ್ಲೂಕಿನ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕ, ಮಲೆನಾಡು)

ಮೇಡಂ, ಆ ಬಲೂನಿನಲ್ಲೇ ವಿಷಯ ಇದೆ. ಚಾರ್ಟ್ ಅವಳಿಗೆ ಏನು ಕಲಿಸಬೇಕೋ ಅದನ್ನೇ ಕಲಿಸಿದೆ: ಆ ಮನೆಯಲ್ಲಿ ಬಲೂನಿದೆ ಅಂತ. ಒಂದೊಂದು ಸಂಖ್ಯೆಗೆ ಒಂದೊಂದು ವಸ್ತುವಿನ ಚಿತ್ರ ಹಾಕಿದ್ರೆ ಮಗುವಿನ ಕಣ್ಣು ವಸ್ತುವನ್ನು ಹಿಡಿಯುತ್ತೆ, ಎಷ್ಟು ಅನ್ನೋದನ್ನ ಬಿಡುತ್ತೆ. ನವಿಲು, ಮಾವು ಎಲ್ಲ ತೆಗೆದು ಒಂದೇ ಬಣ್ಣದ, ಒಂದೇ ಗಾತ್ರದ ಚುಕ್ಕಿ ಹಾಕಿ. ನೋಡೋಕೆ ಬೋಳು ಅನ್ಸುತ್ತೆ. ಬೋಳಾಗಿಯೇ ಇರಲಿ.

ಎರಡನೇದು, ಒಂದರಿಂದ ಇಪ್ಪತ್ತು ಹೇಳೋದು ಅವಳಿಗೆ ಇನ್ನೂ ಪದ್ಯ. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಅನ್ನೋದು ಬೇರೆಯದೇ ಕಲಿಕೆ. ಪರೀಕ್ಷಿಸೋದು ಸುಲಭ. ನಾಲ್ಕು ಕಲ್ಲು ಎಣಿಸಲಿ. ಮುಗಿದ ತಕ್ಷಣ "ಎಲ್ಲ ಸೇರಿ ಎಷ್ಟು?" ಅಂತ ಕೇಳಿ. ಮತ್ತೆ ಒಂದರಿಂದ ಶುರು ಮಾಡಿದ್ರೆ ಅದು ಕೂತಿಲ್ಲ ಅಂತ. ಹಾಗಿದ್ರೆ 20 ಬಿಡಿ, 5 ಕೂಡ ಬಿಡಿ. 1, 2, 3 ಮಾತ್ರ ಇಟ್ಕೊಳ್ಳಿ. ಮೂರು-ನಾಲ್ಕರವರೆಗೆ ಹೆಚ್ಚಿನವರು ಎಣಿಸದೆ ಕಣ್ಣಲ್ಲೇ ಹಿಡೀತಾರೆ, ಅಲ್ಲಿಂದಲೇ ಕಟ್ಟಬೇಕು. ಚೌಕಾಬಾರದ ಕವಡೆ ಇದಕ್ಕೆ ಚೆನ್ನಾಗಿದೆ. ನಾಲ್ಕೇ ಕವಡೆ, ಎಸೆದು ಎಷ್ಟು ಮಗುಚಿವೆ ಅಂತ ನೋಡೋದು. ಮನೆ ಮೇಲೆ ಕಾಯಿ ನಡೆಸೋದು ಆಮೇಲೆ.

ಡೌನ್ ಸಿಂಡ್ರೋಮ್ ಇರುವ ಬಹಳ ಮಕ್ಕಳಲ್ಲಿ ಕೇಳಿದ್ದನ್ನು ನೆನಪಲ್ಲಿ ಹಿಡಿದಿಟ್ಟುಕೊಳ್ಳೋ ಶಕ್ತಿಗಿಂತ ನೋಡಿದ್ದನ್ನು ಹಿಡಿದಿಡೋ ಶಕ್ತಿ ಚೆನ್ನಾಗಿರುತ್ತೆ. ಕಿವಿಯ ತೊಂದರೆಯೂ ಸಾಮಾನ್ಯ. ಒಮ್ಮೆ ಶ್ರವಣ ಪರೀಕ್ಷೆ ಆಗಿದೆಯಾ ಅಂತ ತಂದೆ-ತಾಯಿನ ಕೇಳಿ. "ಏಳು" ಅಂದದ್ದು ಅವಳಿಗೆ ಕೇಳಿಸಿಯೇ ಇಲ್ಲದಿರಬಹುದು.

ಇನ್ನು ಸಾಮಾನು. ಬಿಸಿಯೂಟದ ಮೊಟ್ಟೆ ಬರುತ್ತಲ್ಲ, ಆ ಟ್ರೇ ಎಸೀಬೇಡಿ. ಐದು ಗುಳಿ ಅಗಲ, ಆರು ಗುಳಿ ಉದ್ದ, ಒಟ್ಟು 30. ಎರಡೆರಡು ಸಾಲಿಗೆ ಕತ್ತರಿಸಿದ್ರೆ ಐದರ ಎರಡು ಸಾಲಿನ ಮೂರು ತುಂಡು ಸಿಗುತ್ತೆ, ಒಂದೊಂದರಲ್ಲೂ ಹತ್ತು ಗುಳಿ. ಹೊರದೇಶದ ವಿಶೇಷ ಶಾಲೆಗಳಲ್ಲಿ ಹತ್ತರ ಚೌಕಟ್ಟು ಅಂತ ದುಡ್ಡು ಕೊಟ್ಟು ತರೋದು ಇದನ್ನೇ. ಮೇಲಿನ ಸಾಲು ಎಡದಿಂದ ತುಂಬಬೇಕು, ಅದು ತುಂಬಿದ ಮೇಲೆ ಕೆಳಗಿನದು. ಏಳು ಹಾಕಿದಾಗ ಒಂದು ಪೂರ್ತಿ ಸಾಲು, ಕೆಳಗೆ ಎರಡು, ಮೂರು ಗುಳಿ ಖಾಲಿ. 5+2, 10-3 ಎರಡೂ ಮಾತಿಲ್ಲದೆ ಕಣ್ಣ ಮುಂದೆ.

ಗುಳಿಗೆ ಹಾಕೋದು ದೊಡ್ಡದಿರಲಿ. ಈ ಮಕ್ಕಳ ಬೆರಳು ಗಿಡ್ಡ, ಹಿಡಿತ ಸಡಿಲ. ಹುಣಸೆ ಬೀಜ ಜಾರುತ್ತೆ. ಬಾಟಲಿ ಮುಚ್ಚಳ, ನಿಂಬೆ ಗಾತ್ರದ ಕಾಗದದುಂಡೆ ಆಗುತ್ತೆ. ಬಾಯಿಗೆ ಹಾಕೋ ಅಭ್ಯಾಸ ಇದ್ರೆ ಗುಲಗಂಜಿ, ಹರಳು ಬೀಜ ಹತ್ತಿರವೂ ಬೇಡ, ಎರಡೂ ವಿಷ.

ಕೊನೇದು: ಅಂಕಿ ಬರೆಯೋಕೆ ಬರಲ್ಲ ಅಂತ ಲೆಕ್ಕ ನಿಲ್ಲಿಸಬೇಡಿ. ಅಂಕಿ ಕಾರ್ಡ್ ಎತ್ತಿ ಇಟ್ಟರೆ ಸಾಕು, ಬರವಣಿಗೆ ತನ್ನ ಪಾಡಿಗೆ ಬರಲಿ.

ಜೋಳದರೊಟ್ಟಿ (ಧಾರವಾಡ)

ಚಾರ್ಟ್ ಮಾತು ಬಂತಂತ ಹೇಳ್ತೀನ್ರಿ. ನಮ್ಮ ಕಡೆ ಒಂದೊಂದು ಸಾಲ್ಯಾಗ ಗ್ವಾಡಿನ ಕಾಣಂಗಿಲ್ಲ, ಅಷ್ಟು ಹಚ್ಚಿರ್ತಾರ. ಮ್ಯಾಲಿಂದ ತೋರಣ, ಕೆಳಗ ಬಣ್ಣದ ಪಟ್ಟಿ, ಫ್ಯಾನಿಗೂ ಏನರ ಜೋತು ಬಿಟ್ಟಿರ್ತಾರ. ಸಾಹೇಬ್ರು ಭೇಟಿಗೆ ಬಂದಾಗ ಛಂದ ಕಾಣ್ತೈತಿ, ಫೋಟೋ ಛಂದ ಬರ್ತೈತಿ. 2014ರಾಗ ಅಮೆರಿಕಾದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸಣ್ಣ ಹುಡುಗ್ರನ್ನ ಇಟಗೊಂಡು ನೋಡ್ಯಾರ್ರಿ. ಒಂದು ಖೋಲಿ ತುಂಬ ಅಲಂಕಾರ, ಅದನ್ನ ಖಾಲಿ ಮಾಡಿ ಇನ್ನೊಂದು ಸಲ ಪಾಠ. ಅಲಂಕಾರ ಇದ್ದಾಗ ಹುಡುಗ್ರ ಲಕ್ಷ್ಯ ಹೆಚ್ಚು ಹೊತ್ತು ಆಕಡೆ ಈಕಡೆ ಹೋಗಿತ್ತು, ಕಲ್ತದ್ದೂ ಕಡಿಮಿ. ಅವರು ಯಾವ ತೊಂದ್ರಿನೂ ಇಲ್ದ ಹುಡುಗ್ರು. ಆಟಿಸಂ ಇದ್ದ ಕೂಸಿನ ಗತಿ ಏನಾಗಬೇಕ್ರಿ?

ನಾ ಏನ್ ಮಾಡ್ತೀನಿ ಅಂದ್ರ, ವಿಶೇಷ ಹುಡುಗ್ರನ್ನ ಕೂಡ್ಸೂ ಮಗ್ಗಲಿನ ಗ್ವಾಡಿ ಪೂರಾ ಖಾಲಿ ಬಿಡ್ತೀನಿ. ಅವತ್ತಿಂದು ಒಂದ ಕಾರ್ಡ್ ಹಚ್ಚೂದು, ಪಾಠ ಮುಗದ ಕೂಡ್ಲೆ ತಗಿಯೂದು.

ಹಳೇ_ಮೇಷ್ಟ್ರು (ನಿವೃತ್ತ, ಹಾಸನ)

ಎಲ್ಲ ಸರಿ. ನನ್ನದೊಂದು ತಕರಾರು. ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದವನು, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗಿನಿಂದ ಕಾರ್ಡು, ಕಡ್ಡಿ, ಮಣಿ ಎಲ್ಲವನ್ನೂ ನೋಡಿದ್ದೇನೆ. ಸಾಮಾನು ಕೊಡುವುದು ಸುಲಭ, ವಾಪಸ್ ತೆಗೆದುಕೊಳ್ಳುವುದು ಕಷ್ಟ. ಟ್ರೇ ಇದ್ದರೆ ಕೂಡುತ್ತಾನೆ, ಟ್ರೇ ಇಲ್ಲದಿದ್ದರೆ ಕೈಕಟ್ಟಿ ಕೂರುತ್ತಾನೆ. ಏಳನೇ ತರಗತಿಗೆ ಬಂದ ಮೇಲೂ ಬೆರಳು ಮಡಚುವವರನ್ನು ನೋಡಿಲ್ಲವೇ? ಮಗ್ಗಿ ಬಾಯಿಪಾಠ ಮಾಡಿಸಿದರೆ ಯಾವ ಸಾಮಾನೂ ಬೇಕಿಲ್ಲ. ಆ ಹುಡುಗಿ ಹಾಡುತ್ತಾಳೆ ಅಂತೀರಿ, ಹಾಡಿನಲ್ಲೇ ಕಲಿಸಿ.

ಸಂಪನ್ಮೂಲ_ಶಿಕ್ಷಕ

ಮೇಷ್ಟ್ರೇ, ವಾಪಸ್ ತೆಗೆಯುವುದರ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಒಪ್ಪುತ್ತೇನೆ. ನಮ್ಮಲ್ಲಿ ಸಾಮಾನು ಕೊಡೋ ತರಬೇತಿ ಇದೆ, ಬಿಡಿಸೋ ತರಬೇತಿ ಇಲ್ಲ. ಬಾಯಿಪಾಠಕ್ಕೆ ಮಾತ್ರ ಒಪ್ಪಲ್ಲ, ಆ ಹುಡುಗಿ ಇಪ್ಪತ್ತರವರೆಗೆ ಬಾಯಿಪಾಠ ಮಾಡಿಯೇ ಇಲ್ಲಿ ಬಂದು ನಿಂತಿರೋದು.

ಅಮೆರಿಕಾದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ್ದು ಮೂರು ಹಂತ: ಕೈಯಲ್ಲಿ ಮಾಡೋದು, ಚಿತ್ರದಲ್ಲಿ ನೋಡೋದು, ಚಿಹ್ನೆಯಲ್ಲಿ ಬರೆಯೋದು. ನಾವು ಮೊದಲನೇದರಿಂದ ನೇರ ಮೂರನೇದಕ್ಕೆ ಹಾರ್ತೀವಿ. ನಡುವಿನ ಹಂತವನ್ನು ಮಗುವೇ ಬರೆಯಬೇಕು, ನಾವು ಅಚ್ಚು ಹಾಕಿಸಿ ಕೊಡೋದಲ್ಲ.

ಟೀಚರ್ ಹೇಳಿದ ಆ ಎರಡನೇ ಹುಡುಗನಿಗೆ ಹೀಗೆ ಮಾಡಿ ನೋಡಿ. ಎಂಟು ಮುಚ್ಚಳ ಟ್ರೇಯಲ್ಲಿ ಇಡಿ, ಅವನೇ ನೋಡಿ ಎಂಟು ಅನ್ನಲಿ. ಅದರ ಮೇಲೆ ಕರವಸ್ತ್ರ ಮುಚ್ಚಿ. ಕರವಸ್ತ್ರದ ಮೇಲೆ 8ರ ಕಾರ್ಡ್ ಇಡಿ. ಪಕ್ಕದಲ್ಲಿ ಮೂರು ಮುಚ್ಚಳ ಕಾಣೋ ಹಾಗೆ ಇಟ್ಟು "ಈಗ ಎಲ್ಲ ಸೇರಿ?" ಅಂತ ಕೇಳಿ. ಮೊದಲು ಬಟ್ಟೆ ಎತ್ತಿ ಇಣುಕ್ತಾನೆ, ಇಣುಕಲಿ. ಬರ್ತಾ ಬರ್ತಾ ಎಂಟು ಒಳಗೇ ಇದೆ ಅಂತ ನಂಬಿಕೆ ಬಂದು "ಒಂಬತ್ತು, ಹತ್ತು, ಹನ್ನೊಂದು" ಅಂತ ಮುಂದಕ್ಕೆ ಹೋಗ್ತಾನೆ. ಆಮೇಲೆ ಬಟ್ಟೆ ಅಡಿ ಮುಚ್ಚಳವೇ ಇಲ್ಲ, ಕಾರ್ಡ್ ಮಾತ್ರ. ಆಮೇಲೆ ಮೂರು ಮುಚ್ಚಳದ ಬದಲು ಮೂರು ಗೆರೆ. ಕೊನೆಗೆ 8+3 ಅಂತ ಬರೆದದ್ದು ಮಾತ್ರ. ಒಂದು ಹಂತ ಮುಗ್ಗರಿಸಿದ್ರೆ ಹಿಂದಿನದಕ್ಕೆ ಬನ್ನಿ.

ಬೆರಳಿನ ಬಗ್ಗೆ: ಬೆರಳು ಬಿಡಿಸೋಕೆ ಹೋಗಬೇಡಿ, ಮೊದಲಿಂದ ಎಣಿಸೋದನ್ನ ಬಿಡಿಸಿ. ಮತ್ತೆ ಮನೆಯಲ್ಲಿ ಅಜ್ಜಿ ಬೆರಳ ಗೆಣ್ಣಿನ ಮೇಲೆ ಎಣಿಸಿದ್ರೆ ಬೆರಳಿಗೆ ಮೂರು, ಶಾಲೆಯಲ್ಲಿ ಬೆರಳಿಗೆ ಒಂದು. ಲೆಕ್ಕ ತಡವರಿಸೋ ಮಗುವಿಗೆ ಎರಡರಲ್ಲಿ ಒಂದೇ ಇರಲಿ ಅಂತ ಮನೆಯವರಿಗೆ ಹೇಳಿಬಿಡಿ.

ಅವನಿಗೆ ಸರ್ಟಿಫಿಕೇಟ್ ಇಲ್ಲ ಅಂದ್ರಿ. 1995ರ ಕಾಯ್ದೆಯಲ್ಲಿ ಏಳೇ ವಿಧದ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಆಗಿದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತೊಡಕು) ಸೇರಿದೆ. ತಾಲ್ಲೂಕಿನ ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಹೆಸರು ಕೊಡಿಸಿ. ಅಲ್ಲಿ ತೀರ್ಮಾನ ಆಗದಿದ್ರೆ ನಿಮ್ಹಾನ್ಸ್.

ಅವನಮ್ಮ (ಬೆಂಗಳೂರು)

ನನ್ನ ಮಗನಿಗೆ ಆಟಿಸಂ, ಹನ್ನೊಂದು ವರ್ಷ. ನಮ್ಮನೇಲಿ ಸಮಸ್ಯೆ ಉಲ್ಟಾ. ಅವನಿಗೆ ಅಂಕಿ ಅಂದ್ರೆ ಜೀವ. ಬಿಎಂಟಿಸಿ ಬಸ್ ನಂಬರ್ ಎಲ್ಲ ಬಾಯಲ್ಲಿದೆ, 335ಇ ಎಲ್ಲಿಗೆ ಹೋಗುತ್ತೆ, 500ಡಿ ಎಲ್ಲಿ ತಿರುಗುತ್ತೆ, ಕೇಳಿ. ನೆಂಟರು "ಗಣಿತದಲ್ಲಿ ಮುಂದಿದಾನೆ" ಅಂತಾರೆ. 500 ಅನ್ನೋದು ಅವನಿಗೆ ಬಸ್ಸಿನ ಹೆಸರು ಅಷ್ಟೆ. ಐದು ಚಪಾತಿ ತಗೊಂಡು ಬಾ ಅಂದ್ರೆ ನಿಂತೇ ಇರ್ತಾನೆ.

ಬಣ್ಣಬಣ್ಣದ ಮಣಿ ತಂದ್ವಿ. ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿ, ಒಂದು ಮುಟ್ಟಿದ್ರೂ ಕಿರುಚ್ತಿದ್ದ. ಥೆರಪಿಸ್ಟ್ ಒಬ್ರು ಹೇಳಿದ್ರು, ಎಲ್ಲ ಒಂದೇ ಬಣ್ಣ ಮಾಡಿ ಅಂತ. ಮಾಡಿದ ಮೇಲೆ ಜೋಡಿಸೋಕೆ ಏನೂ ಉಳೀಲಿಲ್ಲ, ಎಣಿಸೋದೇ ಉಳೀತು. ಮುಗಿದದ್ದು ಹಾಕೋಕೆ ಒಂದು ಡಬ್ಬಿ, ಮುಚ್ಚಳದಲ್ಲಿ ತೂತು. ಎಣಿಸಿದ ಮಣಿ ಒಳಗೆ ಹೋದ್ರೆ ಮತ್ತೆ ಎಣಿಸೋ ಹಾಗಿಲ್ಲ. ಒಂದೇ ಮಣಿನ ಎರಡು ಸಲ ಎಣಿಸೋದು ಅಲ್ಲಿಗೆ ನಿಂತಿತು.

ಇನ್ನೊಂದು, ಅವನಿಗೆ ಬಾಯಲ್ಲಿ ಹೇಳಿದ್ರೆ ಲೆಕ್ಕಕ್ಕೆ ಕೂರಲ್ಲ. ಎರಡು ಕಾರ್ಡ್ ತೋರಿಸ್ತೀನಿ: ಎಡಕ್ಕೆ "ಮೊದಲು" ಅಂತ ಟ್ರೇ ಫೋಟೋ, ಬಲಕ್ಕೆ "ಆಮೇಲೆ" ಅಂತ ಉಯ್ಯಾಲೆ ಫೋಟೋ. ಎಷ್ಟು ಲೆಕ್ಕ ಅಂತಲೂ ಕಾಣಬೇಕು. ಐದು ಲೆಕ್ಕ ಇದ್ರೆ ಐದು ಚೀಟಿ ಅಂಟಿಸ್ತೀನಿ, ಒಂದು ಮುಗಿದ್ರೆ ಒಂದು ಕಿತ್ತು ಹಾಕ್ತಾನೆ. ಕಳೆಯೋ ಲೆಕ್ಕ ಅವನು ಕಲಿತದ್ದೇ ಈ ಚೀಟಿಯಿಂದ ಅನ್ಸುತ್ತೆ, "ಇನ್ನು ಎರಡು ಇದೆ" ಅಂತ ತಾನಾಗೇ ಹೇಳೋಕೆ ಶುರು ಮಾಡಿದ.

ಬಸ್ ಹುಚ್ಚನ್ನೂ ಬಿಟ್ಟಿಲ್ಲ. ರಟ್ಟಿನ ಬಸ್ಸು, ಹತ್ತು ಸೀಟು. ನಿಲ್ದಾಣದಲ್ಲಿ ಮೂರು ಜನ ಹತ್ತಿದ್ರು, ಇಬ್ಬರು ಇಳಿದ್ರು. ಇದೊಂದಕ್ಕೆ ಎಷ್ಟು ಹೊತ್ತು ಬೇಕಾದ್ರೂ ಕೂರ್ತಾನೆ.

ನಲಿಕಲಿ_ಟೀಚರ್

ರಟ್ಟಿನ ಬಸ್ಸು ನಾಳೆಯೇ ಮಾಡ್ತೀನಿ ಅಕ್ಕ. ಇವಳಿಗೂ ಬಸ್ ಹತ್ತೋದು ಇಷ್ಟ, ಆದ್ರೆ ನಮ್ಮೂರಿಗೆ ಬರೋದೇ ಎರಡು ಬಸ್ಸು 😄

ಒಂದು ಸಂದೇಹ. ಅಕ್ಷರ ಫೌಂಡೇಶನ್‌ನವರ ಗಣಿತ ಕಲಿಕಾ ಆಂದೋಲನದ ಕಿಟ್ ಇದೆಯಲ್ಲ, ಮಣಿಕಟ್ಟು, ಹತ್ತರ ಪಟ್ಟಿ, ಭಿನ್ನರಾಶಿ ತುಂಡು, ಆಟದ ನೋಟು ಎಲ್ಲ ಇರೋದು. ಅದು ನಾಲ್ಕು-ಐದಕ್ಕೆ ಅಂತ ಬಂದದ್ದು. ಇವಳಿಗೆ ಅದರಲ್ಲಿ ಯಾವುದು ಬಳಸಬಹುದು?

ಜೋಳದರೊಟ್ಟಿ

ಮೊದ್ಲು ಕಪಾಟಿನ ಕೀಲಿ ಯಾರ ಕಡೆ ಐತಿ ಹೇಳ್ರಿ. ನಾ ಕಂಡ ಒಂದು ಸಾಲ್ಯಾಗ ಕಿಟ್ಟು ಬಂದಂಗ ಪ್ಯಾಕಿನ್ಯಾಗ ಐತಿ, ಸ್ಟಾಕ್ ರಿಜಿಸ್ಟರ್‌ನ್ಯಾಗ ಬರದಾರಂತ. ಒಂದು ಮಣಿ ಕಡಿಮಿ ಆದ್ರ ಯಾರು ಜವಾಬ್ದಾರಿ ಅಂತ ಅಂಜಿಕಿ!

ಸಂಪನ್ಮೂಲ_ಶಿಕ್ಷಕ

ಆ ಅಂಜಿಕೆ ಎಲ್ಲ ಕಡೆ ಇದೆ. ಕಿಟ್ ಒಳ್ಳೆಯದು, ತೆಗೆದು ಬಳಸಿ. ಆದ್ರೆ ಇವಳಿಗೆ ಹತ್ತರ ಪಟ್ಟಿ ಈಗಲೇ ಬೇಡ, ಕಾರಣ ಹೇಳ್ತೀನಿ.

ಅಚ್ಚಿನ ಹತ್ತರ ಪಟ್ಟಿ ಒಡೆಯಲ್ಲ. ಅದರೊಳಗೆ ಹತ್ತು ಬಿಡಿ ಇವೆ ಅಂತ ನಾವು ಹೇಳಿದ್ದನ್ನು ಮಗು ನಂಬಬೇಕು. ಪೊರಕೆ ಕಡ್ಡಿ ಹಾಗಲ್ಲ. ಹತ್ತು ಎಣಿಸಿ, ತಾನೇ ರಬ್ಬರ್ ಬ್ಯಾಂಡ್ ಹಾಕಿದ್ರೆ ಒಂದು ಕಟ್ಟು. 32ರಲ್ಲಿ 17 ಕಳೆಯೋವಾಗ ಬಿಡಿ ಎರಡೇ ಇದೆ, ಏಳು ಹೇಗೆ ಕೊಡ್ತೀಯ? ಒಂದು ಕಟ್ಟು ಬಿಚ್ಚಬೇಕು. ಪಕ್ಕದ ಮನೆಯಿಂದ ಸಾಲ ತಗೋ ಅಂತ ನಾವು ಹೇಳ್ತೀವಲ್ಲ, ಸಾಲ ಅಂದ್ರೆ ವಾಪಸ್ ಕೊಡಬೇಕಲ್ವಾ ಅಂತ ಒಬ್ಬ ಹುಡುಗ ನನ್ನನ್ನೇ ಕೇಳಿದ್ದ. ಕಟ್ಟು ಬಿಚ್ಚಿದ್ರೆ ಆ ಗೊಂದಲವೇ ಇಲ್ಲ. ಕಟ್ಟಿ ಬಿಚ್ಚಿ ಬೇಜಾರಾದ ಮೇಲೆ ಪಟ್ಟಿ ಕೊಡಿ, ಆಗ ಅದು ಕಟ್ಟಿದ ಕಡ್ಡಿಯ ಬದಲಿ ಅಂತ ಮಗುವಿಗೆ ಗೊತ್ತಿರುತ್ತೆ. ಮಣಿಕಟ್ಟು ಎಲ್ಲಕ್ಕಿಂತ ಕೊನೆಗೆ. ಅಲ್ಲಿ ಒಂದೇ ತರದ ಮಣಿ ಈ ಕಂಬಿಯಲ್ಲಿ 1, ಪಕ್ಕದ ಕಂಬಿಯಲ್ಲಿ 10. ಬೌದ್ಧಿಕ ಹಿಂದುಳಿವು ಇರೋ ಮಗುವಿಗೆ ಅದು ಬಹಳ ಎತ್ತರದ ಮೆಟ್ಟಿಲು.

ಹಳೇ_ಮೇಷ್ಟ್ರು

ಕಡ್ಡಿ ಕಟ್ಟುವುದು ನಮ್ಮ ಕಾಲದಲ್ಲೂ ಇತ್ತು ಸ್ವಾಮಿ, ಇದಕ್ಕೆ ಬ್ರೂನರ್ ಬೇಕಿರಲಿಲ್ಲ. ಅದಿರಲಿ. ಮಾಂಟೆಸ್ಸರಿ ಶಾಲೆಗಳ ಚಿನ್ನದ ಬಣ್ಣದ ಮಣಿ ನೋಡಿದ್ದೀರಾ? ಒಂದು ಬಿಡಿ ಮಣಿ, ಹತ್ತರ ಸರಳು, ನೂರರ ಚೌಕ, ಸಾವಿರದ ಘನ. ಕೈಗೆ ತೂಕವೇ ಬೇರೆ ಬೇರೆ ಸಿಗುತ್ತದೆ. ಇವತ್ತು ಅದು ದುಬಾರಿ ಫೀಸಿನ ಶಾಲೆಗಳ ಗುರುತು. ಆದರೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆಯುವ ಮೊದಲು ಕೆಲಸ ಮಾಡಿದ್ದು ಬುದ್ಧಿ ಬೆಳೆಯದವರೆಂದು ಮೂಲೆಗೆ ತಳ್ಳಿದ್ದ ಮಕ್ಕಳ ಜೊತೆ. ಫ್ರಾನ್ಸಿನ ವೈದ್ಯರಾದ ಇಟಾರ್ಡ್, ಸೆಗ್ವಿನ್ ಮಾಡಿಟ್ಟ ದಾರಿಯಲ್ಲಿ ಆಕೆ ನಡೆದದ್ದು. ಅಂದರೆ ವಿಶೇಷ ಮಕ್ಕಳಿಗೆಂದು ಹುಟ್ಟಿದ್ದು ಉಳಿದವರ ಪಾಲಾಗಿ, ವಿಶೇಷ ಮಕ್ಕಳಿಗೆ ಮೊಟ್ಟೆ ಟ್ರೇ ಉಳಿಯಿತು. ನಾನು ಸಾಮಾನಿನ ವಿರೋಧಿ ಅಂತ ತಿಳಿಯಬೇಡಿ. ಬಿಡಿಸುವ ದಿನ ಗೊತ್ತಿಲ್ಲದೆ ಹಿಡಿಸಬೇಡಿ ಅಂದೆ.

ಮೈಸೂರ್‌ಪಾಕ್_ಇನ್_ಯುಕೆ

ಇಂಗ್ಲೆಂಡಿನಲ್ಲಿ ಇದ್ದೇವೆ. ಮಗಳಿಗೆ ಡೌನ್ ಸಿಂಡ್ರೋಮ್, ಸಾಮಾನ್ಯ ಶಾಲೆಗೇ ಹೋಗುತ್ತಾಳೆ. ಇಲ್ಲಿ ನ್ಯೂಮಿಕಾನ್ ಅಂತ ಒಂದು ಸಾಮಾನು ಬಹಳ ಬಳಕೆಯಲ್ಲಿದೆ, 1990ರ ದಶಕದಲ್ಲಿ ಇಲ್ಲಿನ ಶಿಕ್ಷಕರೇ ರೂಪಿಸಿದ್ದು. ಒಂದರಿಂದ ಹತ್ತರವರೆಗೆ ಪ್ಲಾಸ್ಟಿಕ್ ಬಿಲ್ಲೆಗಳು, ಸಂಖ್ಯೆಯಷ್ಟು ತೂತು, ಎರಡೆರಡರ ಜೋಡಿಯಲ್ಲಿ. ಬೆಸ ಸಂಖ್ಯೆಯಲ್ಲಿ ಒಂದು ತೂತು ಮೇಲೆ ಚಾಚಿರುತ್ತೆ. ನನ್ನ ಮಗಳು ತೂತು ಎಣಿಸಲ್ಲ, ಆಕಾರ ನೋಡಿಯೇ ಐದು, ಏಳು ಅನ್ನುತ್ತಾಳೆ. ಮೂರು ಮತ್ತು ಐದನ್ನು ಪಕ್ಕಪಕ್ಕ ಜೋಡಿಸಿ ಎಂಟರ ಮೇಲೆ ಇಟ್ಟರೆ ಸರಿಯಾಗಿ ಮುಚ್ಚುತ್ತೆ. ತಕ್ಕಡಿಯಲ್ಲಿ ಇಟ್ಟರೂ ಸಮ ತೂಗುತ್ತೆ.

ಬೆಲೆ ಜಾಸ್ತಿ, ಹೌದು. ನಮ್ಮತ್ತೆ ಮೈಸೂರಿನಿಂದ ಬಂದಿದ್ದಾಗ ದಪ್ಪ ರಟ್ಟಿನಲ್ಲಿ ಒಂದು ಸೆಟ್ ಕತ್ತರಿಸಿ ತೋರಿಸಿದರು, ಕೆಲಸಕ್ಕೆ ಅದೇ ಸಾಕು. ಒಂದೇ ಅಳತೆಯ ಚೌಕ ಎಳೆದುಕೊಂಡು, ಚೌಕಕ್ಕೊಂದು ತೂತು. ಅಳತೆ ತಪ್ಪಿದರೆ ಮೂರು ಐದು ಸೇರಿ ಎಂಟನ್ನು ಮುಚ್ಚಲ್ಲ, ಇಡೀ ಉದ್ದೇಶವೇ ಹೋಗುತ್ತೆ. ಪ್ರತಿ ಸಂಖ್ಯೆಗೆ ಒಂದು ಬಣ್ಣ ಇಲ್ಲಿನ ಸೆಟ್‌ನಲ್ಲಿದೆ. ಮನೆಯಲ್ಲಿ ಮಾಡುವಾಗ ಬಣ್ಣ ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ, ಮಗಳು ಸ್ವಲ್ಪ ಕಾಲ "ನೀಲಿ ಮತ್ತು ಕೆಂಪು ಎಷ್ಟು" ಅಂತ ಬಣ್ಣವನ್ನೇ ಕೂಡುತ್ತಿದ್ದಳು.

ಚುಕ್ಕಿಲಿಪಿ

ಎಲ್ಲರೂ ಚಿತ್ರ, ಬಣ್ಣ ಅಂತಿದ್ದೀರಿ, ನಮ್ಮಂಥವರೂ ಓದ್ತಿದ್ದೀವಿ ಇಲ್ಲಿ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಅಂಧರ ಶಾಲೆಯಲ್ಲಿ ಓದಿ ಈಗ ಬ್ಯಾಂಕ್ ಕೆಲಸ. ಲೆಕ್ಕ ಕಲಿತದ್ದು ಟೇಲರ್ ಫ್ರೇಮಿನಲ್ಲಿ. ಎಂಟು ಮೂಲೆಯ ತೂತುಗಳ ಹಲಗೆ, ಅದಕ್ಕೆ ಸಣ್ಣ ಸೀಸದ ಮೊಳೆ. ಮೊಳೆಯ ಒಂದು ತುದಿಯಲ್ಲಿ ಗೆರೆ, ಇನ್ನೊಂದು ತುದಿಯಲ್ಲಿ ಎರಡು ಚುಕ್ಕಿ. ಎಂಟು ದಿಕ್ಕಿಗೆ ತಿರುಗಿಸಿ ಇಟ್ಟರೆ ಒಂದು ತುದಿಗೆ ಎಂಟು, ಎರಡೂ ಸೇರಿ ಹದಿನಾರು ಗುರುತು. ಹತ್ತು ಅಂಕಿಗೂ ಕೂಡು-ಕಳೆ ಚಿಹ್ನೆಗಳಿಗೂ ಸಾಕು. ಮೇಲಿಂದ ಕೆಳಗೆ ಸಾಲಾಗಿ ಇಟ್ಟು ನಿಮ್ಮ ಹಾಗೇ ಕೂಡ್ತಿದ್ವಿ. ಮೊಳೆ ಕೆಳಗೆ ಬಿದ್ರೆ ಹುಡುಕೋದೇ ಒಂದು ಪೀರಿಯಡ್.

ಸಾಮಾನ್ಯ ಶಾಲೆಯಲ್ಲಿ ನನ್ನಂಥ ಮಗು ಇದ್ದರೆ ಟೀಚರ್‌ಗೆ ಎರಡು ಮಾತು. ಸಂಖ್ಯಾರೇಖೆ ಬೇಕಾದ್ರೆ ರಟ್ಟಿನ ಮೇಲೆ ಗೋಣಿ ದಾರ ಫೆವಿಕಾಲ್‌ನಲ್ಲಿ ಅಂಟಿಸಿ, ಅಂಕಿ ಇರೋ ಕಡೆ ಗಂಟು, ಐದು-ಹತ್ತರ ಕಡೆ ದೊಡ್ಡ ಗುಂಡಿ. ಮತ್ತೆ ಮಗು ಎರಡೂ ಕೈಯಿಂದ ಪೂರ್ತಿ ತಡವಿ ಮುಗಿಸೋವರೆಗೆ ಪ್ರಶ್ನೆ ಕೇಳಬೇಡಿ. ನೀವು ಒಂದೇ ನೋಟಕ್ಕೆ ನೋಡಿದ್ದನ್ನ ಬೆರಳು ತುಂಡು ತುಂಡಾಗಿ ನೋಡುತ್ತೆ. ಮಗುವಿನ ಕೈ ಹಿಡಿದು ಎಳೆದುಕೊಂಡು ಹೋಗಿ "ಇಲ್ಲಿದೆ ನೋಡು" ಅನ್ನೋದು ಇನ್ನೂ ಕೆಟ್ಟದ್ದು.

ಪೂರ್ತಿ ಕುರುಡಲ್ಲದೆ ಮಂದ ದೃಷ್ಟಿ ಇದ್ರೆ ಹಳದಿ ರಟ್ಟಿನ ಮೇಲೆ ದಪ್ಪ ಕಪ್ಪು ಚುಕ್ಕಿ. ಹೊಳೆಯೋ ಲ್ಯಾಮಿನೇಶನ್ ಬೇಡ, ಕಿಟಕಿ ಬೆಳಕು ಬಿದ್ರೆ ಏನೂ ಕಾಣಲ್ಲ.

ಸನ್ನೆ_ಟೀಚರ್ (ಮೈಸೂರು)

ನಾನು ಕಿವುಡು ಮಕ್ಕಳ ಶಾಲೆಯಲ್ಲಿ. ನಮ್ಮ ಮಕ್ಕಳಿಗೆ 32-17 ಸಮಸ್ಯೆಯೇ ಅಲ್ಲ, ಸಲೀಸಾಗಿ ಮಾಡ್ತಾರೆ. ವಾಕ್ಯದ ಲೆಕ್ಕ ಬಂದಾಗ ಕೈ ನಿಲ್ಲುತ್ತೆ. "ರವಿ ರಾಜುಗೆ 4 ಗೋಲಿ ಕೊಟ್ಟ", "ರವಿಗೆ ರಾಜು 4 ಗೋಲಿ ಕೊಟ್ಟ". ಎರಡರಲ್ಲೂ ರವಿ, ರಾಜು, 4, ಕೊಡು ಇವೆ. ಕೂಡಬೇಕೋ ಕಳೆಯಬೇಕೋ ಅನ್ನೋದು ಒಂದು "ಗೆ"ಯಲ್ಲಿ ಕೂತಿದೆ. ಕಿವಿಗೆ ಬೀಳದ ಮಗುವಿಗೆ ಆ ಪ್ರತ್ಯಯ ಕಾಗದದ ಮೇಲೂ ಕಣ್ಣಿಗೆ ಬೀಳಲ್ಲ.

ನಾವು ಮೂರು ಮನೆ ಗೆರೆ ಎಳೀತೀವಿ. ಮೊದಲ ಮನೆಯಲ್ಲಿ ಮೊದಲು ಏನಿತ್ತು, ಎರಡನೇದರಲ್ಲಿ ಏನಾಯ್ತು, ಮೂರನೇದರಲ್ಲಿ ಈಗ ಏನಿದೆ. ಎರಡನೇ ಮನೆಯಲ್ಲಿ ಬಾಣದ ಗುರುತು ಕಡ್ಡಾಯ, ಗೋಲಿ ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ. ಮಕ್ಕಳೇ ಬರೆಯಬೇಕು, ಚಿತ್ರ ಹೇಗಿದ್ರೂ ಸರಿ, ಕಡ್ಡಿ ಮನುಷ್ಯ ಸಾಕು. ಪ್ರಶ್ನೆ ಇರೋ ಮನೆ ಖಾಲಿ. ಕೆಲವು ಸಲ ಮೊದಲ ಮನೆ ಖಾಲಿ ಇರುತ್ತೆ, "ಮೊದಲು ಎಷ್ಟಿತ್ತು?" ಅಂತ. ಅಲ್ಲಿ ಕಿವಿ ಕೇಳೋ ಮಕ್ಕಳೂ ಎಡವ್ತಾರೆ. ನಮ್ಮ ಮನೆ ಪಕ್ಕದ ಆರನೇ ತರಗತಿ ಹುಡುಗನಿಗೂ ಇದನ್ನೇ ಹೇಳಿಕೊಟ್ಟೆ.

"ಒಟ್ಟು ಅಂದ್ರೆ ಕೂಡು, ಉಳಿದದ್ದು ಅಂದ್ರೆ ಕಳೆ" ಅಂತ ಪದ ಹಿಡಿದು ಕಲಿಸೋದನ್ನ ದಯವಿಟ್ಟು ಬಿಡಿ. ಅದು ಮೂರನೇ ತರಗತಿಯಲ್ಲಿ ಮಾರ್ಕ್ಸ್ ಕೊಡಿಸುತ್ತೆ, ನಾಲ್ಕರಲ್ಲಿ ಕೈ ಕೊಡುತ್ತೆ.

ಅವನಮ್ಮ

ಸನ್ನೆ ಟೀಚರ್, ಮೂರು ಮನೆ ಚಿತ್ರ ಇವತ್ತೇ ಬಸ್ಸಿನ ಕಥೆಗೆ ಹಾಕ್ತೀನಿ. ಥ್ಯಾಂಕ್ಸ್ ಮೇಡಂ.

ದೊಡ್ಡ ಮಕ್ಕಳಿರೋರು ಯಾರಾದ್ರೂ ಇದ್ದೀರಾ? ದುಡ್ಡು ಹೇಗೆ ಕಲಿಸಿದ್ರಿ? ಅಂಗಡಿಗೆ ಒಬ್ಬನೇ ಹೋಗಿ ಬರಬೇಕು ಅನ್ನೋದೇ ನನ್ನ ಆಸೆ, ಭಿನ್ನರಾಶಿ ಬರದಿದ್ರೂ ನನಗೇನೂ ಬೇಜಾರಿಲ್ಲ.

ಕಡಲ_ತಡಿ (ಉಡುಪಿ ಕಡೆ, ವೃತ್ತಿ ತರಬೇತಿ ಕೇಂದ್ರ)

ನಮ್ಮಲ್ಲಿ ಹದಿನೆಂಟು ದಾಟಿದವರು, ಹೆಚ್ಚಿನವರಿಗೆ ಬೌದ್ಧಿಕ ಹಿಂದುಳಿವು. ದುಡ್ಡಿನ ಬಗ್ಗೆ ಸ್ವಲ್ಪ ಉದ್ದ ಬರೀತೇನೆ.

ಜೆರಾಕ್ಸ್ ಮಾಡಿದ ನೋಟು-ನಾಣ್ಯ ಬಳಸಬೇಡಿ. ಒಂದು ಮತ್ತು ಎರಡು ರೂಪಾಯಿ ನಾಣ್ಯ ನಿಜವಾದದ್ದೇ ಕೈಯಲ್ಲಿ ಕೊಟ್ಟರೂ ಗೊಂದಲ ಆಗ್ತದೆ, ಬೇರೆ ಬೇರೆ ಕಾಲದ್ದು ಬೇರೆ ಬೇರೆ ಅಚ್ಚು. ಹತ್ತು ಸುಲಭ, ಎರಡು ಬಣ್ಣ. ಇಪ್ಪತ್ತಕ್ಕೆ ಹನ್ನೆರಡು ಮೂಲೆ, ಕೈಗೆ ಗೊತ್ತಾಗ್ತದೆ. ನೋಟನ್ನು ಅಂಕಿ ಓದಲು ಬಾರದವರೂ ಬಣ್ಣದಲ್ಲಿ ಹಿಡೀತಾರೆ: ನೂರು ನೇರಳೆ ಛಾಯೆ, ಇನ್ನೂರು ಹಳದಿ, ಐನೂರು ಬೂದು. ಆದರೆ ಹತ್ತರ ಕಂದು ಹಳತಾದರೆ ಬಣ್ಣವೇ ಇರೂದಿಲ್ಲ.

ಚಿಲ್ಲರೆ ಲೆಕ್ಕ ಕಲಿಸಲು ಹೋಗಿ ವರ್ಷ ಕಳೆಯುವ ಬದಲು "ಮುಂದಿನ ಹತ್ತು" ಕಲಿಸಿ. 37 ರೂಪಾಯಿ ಅಂದರೆ ಸಂಖ್ಯಾರೇಖೆಯಲ್ಲಿ 37ರ ಮೇಲೆ ಬೆರಳು, ಅಲ್ಲಿಂದ ಮುಂದಿನ ದೊಡ್ಡ ಗುರುತಿಗೆ ಹಾರು, 40. ನಾಲ್ಕು ಹತ್ತು ಕೊಡು, ಉಳಿದದ್ದು ಅಂಗಡಿಯವರು ಕೊಡ್ತಾರೆ. ನಮ್ಮವರು ಒಂದು ಉದ್ದ ಪಟ್ಟಿಯನ್ನು ಪರ್ಸಿನಲ್ಲಿ ಮಡಚಿ ಇಟ್ಟುಕೊಳ್ತಾರೆ. ಈಗ ಎಲ್ಲ ಫೋನಲ್ಲಿ ಸ್ಕ್ಯಾನ್ ಮಾಡೂದು ಬಂದ ಮೇಲೆ ಮಕ್ಕಳಿಗೆ ದುಡ್ಡು ಕೈಯಿಂದ ಹೋಗೂದು ಕಾಣೂದೇ ಇಲ್ಲ, ಅಂಗಡಿಯ ಡಬ್ಬಿ ದುಡ್ಡು ಬಂತು ಅಂತ ಮಾತಾಡ್ತದೆ ಅಷ್ಟೆ. ಹಾಗಾಗಿ ವಾರಕ್ಕೊಮ್ಮೆಯಾದರೂ ನಗದು ಕೊಟ್ಟು ಕಳಿಸಿ.

ಪ್ಯಾಕಿಂಗ್ ಕೆಲಸದಲ್ಲಿ ನಾವು ಹತ್ತು ಗುಳಿಯ ಹಲಗೆ ಇಡ್ತೇವೆ. ಗುಳಿಗೊಂದು ಅಗರಬತ್ತಿ, ತುಂಬಿದರೆ ಪ್ಯಾಕೆಟ್ ಆಯ್ತು. ಎಣಿಸೂದು ಬೇಡ.

ಹಳೇ_ಮೇಷ್ಟ್ರು

ಎಣಿಸುವುದೇ ಬೇಡ ಅಂದ ಮೇಲೆ ಅದು ಗಣಿತ ಹೇಗಾಯಿತು? ಅದು ಕೆಲಸ ಮಾಡಿಸುವ ಉಪಾಯ, ಕಲಿಕೆ ಅಲ್ಲ. ಹದಿನೆಂಟಕ್ಕೆ ಸರಿ, ಎಂಟು ವರ್ಷದ ಮಗುವಿಗೆ ಹೀಗೆ ಮಾಡಿದರೆ ಅದರ ದಾರಿಯನ್ನೇ ಮುಚ್ಚಿದ ಹಾಗೆ.

ಕಡಲ_ತಡಿ

ಒಂದು ಗುಳಿಗೆ ಒಂದು ವಸ್ತು ಅನ್ನೂದು ಎಣಿಕೆಯ ಬುಡವೇ ಅಲ್ವಾ ಮಾಷ್ಟ್ರೇ. ಚೆನ್ನೆಮಣೆಯಲ್ಲಿ ಗುಳಿಗೊಂದು ಕಾಯಿ ಹಾಕುತ್ತಾ ಹೋಗೂದನ್ನು ಆಟ ಅಂತೀರಿ, ಇಲ್ಲಿ ಸಂಬಳ ಬರ್ತದೆ. ಎಂಟು ವರ್ಷದವರಿಗೆ ನಾನು ಹೇಳಿದ್ದಲ್ಲ, ಅದು ಒಪ್ಪಿದೆ. ಆದರೆ ಹದಿನಾರರ ಹುಡುಗನಿಗೆ ಇನ್ನೂ ನವಿಲು-ಮಾವಿನಹಣ್ಣಿನ ಕಾರ್ಡು ಕೊಟ್ಟು ಕೂರಿಸುವ ಶಾಲೆಗಳಿವೆ. ಮೀಸೆ ಬಂದವನಿಗೆ ನಾಚಿಕೆ ಆಗ್ತದೆ. ಕ್ಯಾಲ್ಕುಲೇಟರ್ ಕೊಡಿ, ಅಳತೆ ಲೋಟ ಕೊಡಿ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಅಂತ ಚಿತ್ರ ಹಾಕಿ ಅಡುಗೆಮನೆಯಲ್ಲಿ ಅಂಟಿಸಿ, ಅನುಪಾತ ಅಲ್ಲೇ ಕಲೀತಾನೆ.

ಹಳೇ_ಮೇಷ್ಟ್ರು

ಕ್ಯಾಲ್ಕುಲೇಟರ್‌ಗೆ ನಾನು ಒಪ್ಪುವುದಿಲ್ಲ. ಅನ್ನದ ಲೋಟಕ್ಕೆ ಒಪ್ಪಿದೆ.

ನಲಿಕಲಿ_ಟೀಚರ್

ಟ್ರೇ ಕತ್ತರಿಸಿದೆ, ರಟ್ಟಿನ ಬಸ್ಸೂ ಆಯ್ತು. ಚಾರ್ಟ್ ತೆಗೆದದ್ದಕ್ಕೆ ಉಳಿದ ಮಕ್ಕಳು ಗಲಾಟೆ, ಅವರಿಗೆ ನವಿಲು ಬೇಕಂತೆ. ಅವರ ಕಡೆ ಗೋಡೆಗೆ ಹಾಕಿದೆ. "ಒಂದು ಕೊಡು", "ಎರಡು ಕೊಡು" ಸರಿಯಾಗಿ ಕೊಡ್ತಾಳೆ. ಮೂರಕ್ಕೆ ಕೆಲವು ಸಲ ಎರಡು, ಕೆಲವು ಸಲ ಮುಷ್ಟಿ.

ಎರಡು ಸಣ್ಣ ಪ್ರಶ್ನೆ. ಒಂದು, ಸೊನ್ನೆ ಯಾವಾಗ? ಎರಡು, ಅವಳ ಮನೆಯಲ್ಲಿ ಕ್ಯಾಲೆಂಡರ್ ನೋಡಿ ಕನ್ನಡ ಅಂಕಿ ಹೇಳಿಕೊಡ್ತಿದ್ದಾರೆ, ನಮ್ಮ ಪುಸ್ತಕದಲ್ಲಿ 1, 2, 3. ಏನು ಮಾಡಲಿ?

ಸಂಪನ್ಮೂಲ_ಶಿಕ್ಷಕ

ಎರಡು ಗಟ್ಟಿಯಾಗಿದೆ ಅಂದ್ರೆ ಶುರುವಾಗಿದೆ ಮೇಡಂ. ಮೂರಕ್ಕೆ ಅವಸರ ಬೇಡ. ಮೂರೇ ಗುಳಿ ಇರೋ ತುಂಡು ಕತ್ತರಿಸಿ ಅವಳ ಕೈಗೆ ಕೊಡಿ, ಅದರಲ್ಲಿ ತುಂಬಿ ತಂದು ಕೊಡಲಿ. ಆಮೇಲೆ ಆ ತುಂಡು ನಿಮ್ಮ ಮೇಜಿನ ಮೇಲೇ ಇರಲಿ, ಅವಳು ದೂರದಿಂದ ನೋಡಿ ತರಲಿ. ಆಮೇಲೆ ನೋಡದೆ.

ಕನ್ನಡ ಅಂಕಿ ಬೇಕು, ಈಗ ಬೇಡ. 1ರಿಂದ 10 ಗಟ್ಟಿಯಾಗೋವರೆಗೆ ಒಂದೇ ಲಿಪಿ, ಶಾಲೆಯದ್ದು. ಮನೆಯವರಿಗೆ ಬೇಜಾರಾಗದ ಹಾಗೆ ಹೇಳಿ.

ಸೊನ್ನೆಯನ್ನು ಕಳೆಯೋ ಲೆಕ್ಕದಿಂದ ತನ್ನಿ, ಮೂರು ಗಟ್ಟಿಯಾದ ಮೇಲೆ. ಎರಡಿತ್ತು, ಎರಡೂ ನನಗೆ ಕೊಡು, ಈಗ ಎಷ್ಟಿದೆ? ಅವಳು "ಇಲ್ಲ" ಅಂತಾಳೆ, "ಖಾಲಿ" ಅಂತಾಳೆ. ಆ ಹೊತ್ತಿಗೆ 0 ಕಾರ್ಡ್ ಟ್ರೇ ಪಕ್ಕ ಇಡಿ. ಒಂದರ ಹಿಂದೆ ಸೊನ್ನೆ ಬರುತ್ತೆ ಅಂತ ಸಾಲಿನಲ್ಲಿ ಹೇಳಿಸೋದು ಬೇಡ.

ಜೋಳದರೊಟ್ಟಿ

ಟ್ರೇ ರಟ್ಟಿಂದೋ ಪ್ಲಾಸ್ಟಿಕ್ಕಿಂದೋ ಮೇಡಂರ? ರಟ್ಟಿಂದಾದ್ರ ಮಳಿಗಾಲದಾಗ ಮೆತ್ತಗಾಗ್ತೈತಿ, ಹುಡುಗ್ರು ಒತ್ತಿ ಒತ್ತಿ ಗುಳಿ ತೂತು ಬೀಳ್ತಾವ. ಒಂದು ಕೋಟು ಆಯಿಲ್ ಪೇಂಟ್ ಹೊಡೀರಿ, ಎರಡು ದಿವಸ ಬಿಸಲಾಗ ಒಣಗಸ್ರಿ. ಬಣ್ಣ ಒಂದ ಇರ್ಲಿ.